ಚಿಪ್ಪು, ಚೆಂಡು ಮತ್ತು ಪಲ್ವಂಕರ್ ಬಾಲೂ



ಏಪ್ರಿಲ್ 14ಕ್ಕೆ ನಾವು ಬಾಬಾಸಾಹೇಬರ ಫೋಟೊಗೆ ಹಾರ ಹಾಕ್ತೀವಿ. ಮಾರನೇ ದಿನ ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗಿನ ಆಟಗಾರರೆಲ್ಲ 42ನೇ ನಂಬರಿನ ಅಂಗಿ ತೊಡ್ತಾರೆ. 1947ರಲ್ಲಿ ಅದೇ ದಿನ ಜಾಕಿ ರಾಬಿನ್ಸನ್ ಅನ್ನೋ ಕಪ್ಪು ಆಟಗಾರ, ಬಿಳಿಯರೇ ತುಂಬಿದ್ದ ಆ ಲೀಗಿನಲ್ಲಿ ಕಣಕ್ಕಿಳಿದಿದ್ದು.

ನಮ್ಮಲ್ಲೂ ಒಬ್ಬರಿದ್ದರು, ಅದಕ್ಕೂ ಅರ್ಧ ಶತಮಾನ ಮೊದಲೇ. ಪಲ್ವಂಕರ್ ಬಾಲೂ. ಹುಟ್ಟಿದ್ದು 1876, ನಮ್ಮ ಧಾರವಾಡದಲ್ಲಿ. ಚಮ್ಮಾರರ ಮಗ. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಗೆ ಪಿಚ್ ನೋಡಿಕೊಳ್ತಾ, ಸಾಹೇಬರಿಗೆ ಗಂಟೆಗಟ್ಟಲೆ ಎಡಗೈ ಸ್ಪಿನ್ ಹಾಕ್ತಾ ಪಳಗಿದರು. ಬ್ಯಾಟ್ ಮಾತ್ರ ಕೈಗೆ ಕೊಡಲಿಲ್ಲ. ಬಿಳಿಯರನ್ನ ಸೋಲಿಸಬೇಕು ಅಂದಾಗ ಪುಣೆಯ ಹಿಂದೂ ತಂಡದವರಿಗೆ ಇವರು ಬೇಕಾದರು. ಮೈದಾನದಲ್ಲಿ ಇವರು ಮುಟ್ಟಿದ ಚೆಂಡನ್ನ ಎಲ್ಲರೂ ಮುಟ್ತಿದ್ರು. ಟೀ ಹೊತ್ತಿಗೆ ಮಾತ್ರ ಇವರಿಗೆ ಪೆವಿಲಿಯನ್ ಹೊರಗೆ, ಬಿಸಾಕೋ ಮಣ್ಣಿನ ಕುಡಿಕೆಯಲ್ಲಿ ಚಹಾ.

ಇದನ್ನ ಓದಿದಾಗ ನನಗೆ ಚಿಪ್ಪು ನೆನಪಾಯ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೇಲಿ ಮಣ್ಣಿನ ಕುಡಿಕೆ ಯಾಕೆ, ತೆಂಗಿನ ಚಿಪ್ಪಿಗೆ ಬರವೇ? ಅಪ್ಪ ಕಾಯಿ ಸುಲಿಯೋಕೆ ಹೋಗ್ತಿದ್ದ ತೋಟದ ಮನೇಲಿ ಅವನ ಚಿಪ್ಪನ್ನ ಬೇಲಿ ಸಂದಿಗೆ ಸಿಕ್ಕಿಸಿರ್ತಿದ್ರು. ಕುಡಿದು, ತೊಳೆದು, ಅಲ್ಲೇ ಇಡಬೇಕು. ಆದರೆ ಅಟ್ಟದಿಂದ ಇಳಿಸಿದ ಕಾಯಿ ಸುಲಿದು, ಒಡೆದು, ಅವನ ಕೈಯಾರೆ ತೆಗೆದ ಉಂಡೆ ಕೊಬ್ಬರಿ ಯಾರ್ಯಾರ ದೇವರ ಮನೆಗೋ ಹೋಗ್ತಿತ್ತು! ನಾನು ಆ ಮನೆ ಹುಡುಗರ ಜೊತೆ ತೆಂಗಿನ ಮಟ್ಟೆ ಬ್ಯಾಟಲ್ಲಿ ಕ್ರಿಕೆಟ್ ಆಡ್ತಿದ್ದೆ. ಬೌಲಿಂಗ್ ನಂದೇ. ಬಾಯಾರಿದ್ರೆ ಬೊಗಸೆಗೆ ಮೇಲಿಂದ ನೀರು ಹುಯ್ಯೋರು. ಅವತ್ತು ಅದು ಅವಮಾನ ಅನ್ನಿಸಿರಲೂ ಇಲ್ಲ. ಈಗ ಉರಿಯೋದು ಅದೇ.

ಬಾಲೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಆದ್ರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ಅದು ಸಿಕ್ಕಿದ್ದು ತಮ್ಮ ವಿಠ್ಠಲ್‌ಗೆ, 1923ರಲ್ಲಿ. ಗೆದ್ದ ಮೇಲೆ ಅವರನ್ನ ಹೆಗಲ ಮೇಲೆ ಹೊತ್ತು ಕುಣಿದವರು ಮೇಲ್ಜಾತಿಯವರೇ.

ಇನ್ನೊಂದು ಮಾತನ್ನ ಮುಚ್ಚಿಡಬಾರದು. ಬಾಲೂ ಅಂದ್ರೆ ಬಾಬಾಸಾಹೇಬರಿಗೆ ಅಭಿಮಾನ ಇತ್ತು. ಅದೇ ಬಾಲೂನ ಕಾಂಗ್ರೆಸ್ 1937ರಲ್ಲಿ ಮುಂಬೈಯಲ್ಲಿ ಅವರ ಎದುರೇ ಚುನಾವಣೆಗೆ ನಿಲ್ಲಿಸ್ತು. ಬಾಬಾಸಾಹೇಬರಿಗೆ 13,245, ಬಾಲೂಗೆ 11,225 ಮತ. ಇದೊಂದಕ್ಕೇ ನಮ್ಮಲ್ಲಿ ಕೆಲವರು ಅವರ ಹೆಸರೆತ್ತಿದ್ರೆ ಮುಖ ತಿರುಗಿಸ್ತಾರೆ. ಆ ಚುನಾವಣೆಯಲ್ಲಿ ನಾನಿದ್ದಿದ್ರೆ ಬಾಲೂಗೆ ವೋಟು ಹಾಕ್ತಿರಲಿಲ್ಲ, ನಿಜ. ಆದರೆ ಪೆವಿಲಿಯನ್ ಹೊರಗೆ ನಿಂತು ಕುಡಿದ ಆ ಚಹಾನೂ ನಮ್ಮದೇ ಅಲ್ವಾ?

ಈ ಏಪ್ರಿಲ್ 14ಕ್ಕೆ ನಮ್ಮ ಹಟ್ಟಿ ಹುಡುಗರ ಟೂರ್ನಮೆಂಟ್ ಇದೆ. ಬ್ಯಾನರಿನಲ್ಲಿ ಬಾಬಾಸಾಹೇಬರ ಪಕ್ಕ ಬಾಲೂ ಫೋಟೊನೂ ಹಾಕಿಸ್ತಿದೀನಿ. ತಕರಾರಿದ್ದವರು ಮೈದಾನಕ್ಕೇ ಬನ್ನಿ, ಟೀ ಕುಡೀತಾ ಮಾತಾಡೋಣ.