ಮನೆ ಮಾರಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಮನೆ ಮಾರಿ ನೋಡು ಎಂದು ಮಾತ್ರ ಅವರು ಹೇಳಲಿಲ್ಲ. ಅವರ ಕಾಲಕ್ಕೆ ಮನೆ ಮಾರುವುದೆಂದರೆ ಮನೆತನ ಮುಳುಗಿತೆಂದೇ ಅರ್ಥ. ಅದನ್ನು ಮಾಡಿ ನೋಡು ಎಂದು ಯಾರಿಗೆ ತಾನೇ ಹೇಳಿಯಾರು? ಈಗ ಹಾಗಿಲ್ಲ. ಮನೆ ಮಾರಿದವರೇ ಜಾಣರು, ಮಾರದೆ ಕುಳಿತವರು ದಡ್ಡರು ಎನ್ನುವ ಕಾಲ ಬಂದಿದೆ. ನಮ್ಮ ಮನೆಯ ಬಾಗಿಲಿಗೂ ಅದು ಹೋದ ವರ್ಷ ಬಂತು.

ಜೂನ್ ತಿಂಗಳು. ಮಿಶ್ರಿಕೋಟಿಯ ನಮ್ಮ ಶಾಲೆಯಲ್ಲಿ ಮಕ್ಕಳು ಬಿಸಿಯೂಟಕ್ಕೆ ಕೂತಿದ್ದರು. ಹೊರಗೆ ಸಣ್ಣಗೆ ಮಳೆ. ಸಣ್ಣ ತಮ್ಮನ ಫೋನು ಬಂತು.

"ಅಕ್ಕಾ, ನವನಗರದ ಮನಿಗೆ 72 ಲಕ್ಷಕ್ಕ ಬಂದಾರ. ಅಣ್ಣ ಹೂಂ ಅಂದಾನ. ನೀ ಬಂದು ಒಂದು ಸಹಿ ಮಾಡಿಬಿಟ್ರ ಮುಗೀತು."

ಕೈಯಲ್ಲಿದ್ದ ಸಾರಿನ ಸೌಟು ಹಾಗೆಯೇ ನಿಂತಿತು. 72 ಲಕ್ಷ! ಆ ಮನೆಗೆ ಅಪ್ಪ ಕೊಟ್ಟದ್ದು ಎಲ್ಲ ಸೇರಿ 28 ಸಾವಿರ.

ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಹಳೇ ಹುಬ್ಬಳ್ಳಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ನವನಗರದಲ್ಲಿ ಹೌಸಿಂಗ್ ಬೋರ್ಡಿನ ಸಣ್ಣ ಮನೆಯೊಂದು ಅವರ ಹೆಸರಿಗೆ ಬಂತು. ಕಂತು ತೀರಿದ ಮೇಲೆ ಖರೀದಿಪತ್ರ. ಸುದ್ದಿ ಕೇಳಿ ಬಳಗದವರೆಲ್ಲ ನಕ್ಕರು. "ಅದು ಹುಬ್ಬಳ್ಳಿನೂ ಅಲ್ಲ, ಧಾರವಾಡನೂ ಅಲ್ಲ. ಅಲ್ಲಿ ನರಿ ಕೂಗತಾವ. ಯಾರ ಬರತಾರ ನಿಮ್ಮ ಮನಿಗೆ?" ಎಂದರು. ಅವರ ಮಾತು ಸುಳ್ಳೇನೂ ಆಗಿರಲಿಲ್ಲ. ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಲು ಬರುತ್ತಿರಲಿಲ್ಲ. ರಾತ್ರಿಯಾದರೆ ಬಸ್ಸಿಲ್ಲ. ಬಚ್ಚಲಮನೆಯಲ್ಲಿ ಒಮ್ಮೆ ಹಾವು ಹೊಕ್ಕು, ಅವ್ವ ಎರಡು ದಿನ ಉಣ್ಣಲಿಲ್ಲ.

ಮೊದಲು ತುಂಬಬೇಕಾದ ಹಣ ಅಪ್ಪನ ಹತ್ತಿರ ಇರಲಿಲ್ಲ. ಅವ್ವ ತನ್ನ ತವರಿನವರು ಹಾಕಿದ್ದ ನಾಲ್ಕು ಪಾಟಲಿ ಬಿಚ್ಚಿ ಕೊಟ್ಟಳು. ಅಪ್ಪ ಮನೆ ಮಾಡಿದರು ಎಂದೇ ಎಲ್ಲರೂ ಹೇಳಿದರು. ಕಾಗದದ ಮೇಲೂ ಅವರದೊಂದೇ ಹೆಸರು. ಅವ್ವನ ಕೈಗೆ ಆಮೇಲೆ ಗಾಜಿನ ಬಳೆ ಬಂದವು. ಅವೇ ಇಂದಿಗೂ ಇವೆ.

ಮುಂದೆ ನಾನು ಬಿ.ಎ., ಬಿ.ಎಡ್. ಮುಗಿಸಿದ್ದು ಆ ಮನೆಯಲ್ಲಿ. ಲಗ್ನವಾಗಿ ಮಿಶ್ರಿಕೋಟಿಗೆ ಬಂದದ್ದು ಆ ಅಂಗಳದಿಂದ. ಆಗ ನವನಗರ ಶಾಲೆ ಮಾಸ್ತರರ, ಗುಮಾಸ್ತರ, ನಮ್ಮಪ್ಪನಂಥ ಕಾರ್ಮಿಕರ ಊರು. ಕಡಿಮೆ ಪಗಾರದವರಿಗೂ ಅಲ್ಲಿ ಒಂದು ಸೂರು ಆಗುತ್ತಿತ್ತು.

ಆಮೇಲೆ ಎರಡೂ ಊರು ಬೆಳೆದು ನಡುವಿನ ಜಾಗವನ್ನು ತಬ್ಬಿಕೊಂಡವು. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಪೀಠ ಬಂತು. 2009ರಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ ನವನಗರದಲ್ಲೇ ಆಯಿತು. ಕ್ಯಾನ್ಸರ್ ಆಸ್ಪತ್ರೆ, ಪೊಲೀಸ್ ಕಮಿಷನರ್ ಕಚೇರಿ ಅಲ್ಲಿಯೇ. 2016ರಲ್ಲಿ ಧಾರವಾಡಕ್ಕೆ ಐಐಟಿ. 2018ರಲ್ಲಿ ಚಿಗರಿ ಬಸ್ಸು ಓಡತೊಡಗಿತು. ರಸ್ತೆ ಅಗಲವಾಯಿತು, ನಡುವೆ ಬಸ್ಸಿಗೇ ಬೇರೆ ದಾರಿ. ಹುಬ್ಬಳ್ಳಿನೂ ಅಲ್ಲ, ಧಾರವಾಡನೂ ಅಲ್ಲ ಎಂದು ನಕ್ಕವರೇ ಈಗ "ಹುಬ್ಬಳ್ಳಿಗೂ ಹತ್ತಿರ, ಧಾರವಾಡಕ್ಕೂ ಹತ್ತಿರ" ಎನ್ನುತ್ತಾರೆ. ಮನೆ ಇದ್ದಲ್ಲೇ ಇತ್ತು, ಗೋಡೆ ಬಿರುಕು ಬಿಟ್ಟಿತ್ತು, ಬೆಲೆ ಮಾತ್ರ ಏರುತ್ತ ಹೋಯಿತು.

ಆ ಭಾನುವಾರ ನಾನು ಹೊರಟೆ. ಹುಬ್ಬಳ್ಳಿಗೆ ಕೆಂಪು ಬಸ್ಸು, ಅಲ್ಲಿಂದ ಚಿಗರಿ. ದೊಡ್ಡ ತಮ್ಮ ಬೆಳಗಾವಿಯಿಂದ ಬಂದಿದ್ದ. ಸಣ್ಣವನ ಹೆಂಡತಿ ಗಿರಮಿಟ್ಟು ಕಲಸಿ, ಮಿರ್ಚಿ ಕರಿದಿದ್ದಳು. ಅವ್ವ ಅಡಗಿಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಎಂಬತ್ತರ ಹತ್ತಿರದ ಜೀವ. ಕಿವಿ ಚುರುಕು, ಮಾತು ಕಡಿಮೆ.

ಅಷ್ಟರಲ್ಲಿ ದಲಾಲಿ ಬಂದ. ಒಳಗೆ ಬರುತ್ತಾನೆಂದು ನಾನು ಕುರ್ಚಿ ಸರಿಸಿದೆ. ಅವನು ಬರಲಿಲ್ಲ. ಹೊರಗೆ ನಿಂತು ರಸ್ತೆಯ ಮಗ್ಗುಲಿನ ಅಗಲ ಅಳೆದ, ಕರಿಬೇವಿನ ಗಿಡದ ಬುಡವನ್ನು ಕಾಲಿನಿಂದ ಸರಿಸಿ ಕಲ್ಲು ನೋಡಿದ. "ಒಳಗೂ ನೋಡ್ರಿ" ಎಂದೆ. "ಬ್ಯಾಡ್ರಿ ಅಕ್ಕಾರ. ಕಟ್ಟಡಕ್ಕ ಏನೂ ಕಿಮ್ಮತ್ತಿಲ್ಲ. ತಗೊಂಡವರು ಕೆಡವಿ ನಾಲ್ಕು ಮಜಲಾ ಎಬ್ಬಸ್ತಾರ. ಇದು ಬರೇ ಜಾಗಾದ ರೇಟು" ಎಂದ.

ಒಳಗೆ ಅವ್ವನ ಕೈಯಲ್ಲಿದ್ದ ತಾಟು ಸದ್ದು ಮಾಡಿತು.

ದಲಾಲಿ ಹೋದ ಮೇಲೆ ಸಣ್ಣ ತಮ್ಮ ಒಂದು ಕಾಗದ ತೆಗೆದ. ಮಾರಾಟದ ಪತ್ರವಲ್ಲ, ಹಕ್ಕುಬಿಡುಗಡೆ ಪತ್ರದ ಕರಡು. "ನೀ ನಿನ್ನ ಹಕ್ಕ ಬಿಟ್ಟಿ ಅಂತ ಬರದೈತಿ. ನಿನಗ ಎರಡು ತೊಲಿ ಮಾಡಸ್ತೀವಿ. ಅವ್ವ ಆರು ತಿಂಗಳು ಅಣ್ಣನ ಕಡೆ, ಆರು ತಿಂಗಳು ನಮ್ಮ ಕಡೆ." ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ. ಮಗನ ಎಂಜಿನಿಯರಿಂಗ್ ಫೀಗೆ ಸಾಲ ಮಾಡಿದ್ದಾನೆ. ಅಕ್ಕ ಸಹಿ ಮಾಡುತ್ತಾಳೆ ಎಂದು ಅವನು ನಂಬಿದ್ದ, ಅಷ್ಟೇ. ನಮ್ಮಲ್ಲಿ ಹೆಣ್ಣುಮಕ್ಕಳು ಹಾಗೆ ಮಾಡುತ್ತಲೇ ಬಂದಿದ್ದಾರೆ. ಮನೆಗೆ ಮೂವತ್ತು ಸಾವಿರ ಬೆಲೆ ಇದ್ದಾಗ ನಮ್ಮ ಸಹಿ ಯಾರಿಗೂ ಬೇಕಿರಲಿಲ್ಲ. ಬೆಲೆ ಲಕ್ಷಗಳಿಗೆ ಏರಿದಾಗ ಕೊಳ್ಳುವವನ ವಕೀಲ ಮಗಳೆಲ್ಲಿ ಎಂದು ಕೇಳುತ್ತಾನೆ.

ನಾನು ಟೀಚರು. ನನಗೂ ನಾಲ್ಕಕ್ಷರ ಗೊತ್ತು. ಅಪ್ಪ ಸ್ವಂತ ದುಡಿದು ಮಾಡಿದ ಮನೆ. ಮೃತ್ಯುಪತ್ರ ಬರೆಯದೆ ತೀರಿಕೊಂಡರು. ಹಾಗಿದ್ದಾಗ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರವೇ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮಪಾಲು. ಎಲ್ಲರೂ ಹೇಳುವ 2005ರ ತಿದ್ದುಪಡಿ ಒಟ್ಟು ಕುಟುಂಬದ ಪಿತ್ರಾರ್ಜಿತ ಆಸ್ತಿಯ ಮಾತು. ಈ ಮನೆಯಲ್ಲಿ ನನ್ನ ಪಾಲು ಅಪ್ಪ ಕಣ್ಣು ಮುಚ್ಚಿದ ದಿನದಿಂದಲೇ ಇತ್ತು, ಅವ್ವನದೂ ಇತ್ತು.

ಚೀಲದಲ್ಲಿದ್ದ ಮಕ್ಕಳ ಹಳೆಯ ಉತ್ತರಪತ್ರಿಕೆಯ ಹಿಂದೆ ಲೆಕ್ಕ ಹಾಕಿದೆ. ನಾಲ್ಕು ಪಾಲಾದರೆ ತಲೆಗೆ 18 ಲಕ್ಷ. ಸುಳ್ಳು ಯಾಕೆ ಹೇಳಲಿ, ಆ ಅಂಕಿ ನೋಡಿ ಒಂದು ಗಳಿಗೆ ನನ್ನ ಮನಸ್ಸೂ ಜಾರಿತು. ಬೆಂಗಳೂರಿನಲ್ಲಿ ಮಗಳು ಪಗಾರದ ಅರ್ಧ ಬಾಡಿಗೆಗೆ ಸುರಿಯುತ್ತಾಳೆ. ನಮ್ಮ ಹೆಂಚಿನ ಮನೆ ಮಳೆಗಾಲದಲ್ಲಿ ಮೂರು ಕಡೆ ಸೋರುತ್ತದೆ.

ಆದರೆ ಲೆಕ್ಕ ಮುಂದುವರಿಸಿದೆ. 18 ಲಕ್ಷಕ್ಕೆ ನವನಗರದಲ್ಲಿ ಮನೆ ಬರುತ್ತದೆಯೇ? ಇಲ್ಲ. ತಮ್ಮಂದಿರಿಬ್ಬರೇ ಹಂಚಿಕೊಂಡರೂ 36. ಆಗಲೂ ಇದೇ ಓಣಿಯಲ್ಲಿ ಇಂಥದೇ ಹಳೆಯ ಮನೆ ಬಾರದು. ಅದರ ಮೇಲೆ ಸ್ಟಾಂಪು, ನೋಂದಣಿ. 2023ರ ಅಕ್ಟೋಬರಿನಿಂದ ಸರಕಾರದ ಮಾರ್ಗಸೂಚಿ ದರವೂ ಏರಿದೆ.

"ಇದನ್ನ ಮಾರಿ ನೀ ಎಲ್ಲಿ ಇರ್ತೀಯೋ?" ಎಂದು ಕೇಳಿದೆ.

"ಊರ ಹೊರಗ ಒಂದು ಪ್ಲಾಟ್ ನೋಡೇನಿ. ಕಲಘಟಗಿ ರೋಡಿಗೆ. ಅಲ್ಲಿ ಇನ್ನೂ ಸೋವಿ ಐತಿ."

ನನಗೆ ನಗು ಬಂತು. ಶಾಲೆಗೆ ಹೋಗುವಾಗ ನಾನೂ ನೋಡುತ್ತೇನೆ. ಹತ್ತಿ, ಗೋವಿನಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಬಣ್ಣಬಣ್ಣದ ಬಾವುಟ, ಸಾಲಾಗಿ ನೆಟ್ಟ ಕಲ್ಲು. ಬಸ್ಸು ಕಡಿಮೆ, ಎರೆಮಣ್ಣು, ಹಾವು. ಅಂದರೆ ಅಪ್ಪ ನಲವತ್ತು ವರ್ಷದ ಹಿಂದೆ ಎಲ್ಲಿಂದ ಶುರುಮಾಡಿದ್ದರೋ ಮಗ ಅಲ್ಲಿಂದಲೇ ಮತ್ತೆ ಶುರುಮಾಡಬೇಕು! ಬೆಲೆ ಏರಿದ ಲಾಭ ಬಿಟ್ಟು ದೂರ ಹೋಗುವವರಿಗೆ ಮಾತ್ರ. ಅಲ್ಲೇ ಬಾಳಬೇಕೆನ್ನುವವರಿಗೆ ಅದು ಗೋಡೆಗೆ ತೂಗುಹಾಕಿದ ಚಿತ್ರದ ಹಣ್ಣು.

ದೊಡ್ಡ ತಮ್ಮ ಅವ್ವನ ಕಡೆ ತಿರುಗಿದ. "ನೀ ಏನಂತಿ ಅವ್ವಾ?"

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಕ್ಕ ನಾಲ್ಕು ಪಾಲು ಅಂದ್ಲಲ್ಲ. ಅದರಾಗ ನಂದು ಯಾವ ಖೋಲಿ?"

ಯಾರೂ ಮಾತಾಡಲಿಲ್ಲ.

"ನನಗ ಅಡಗಿಮನಿ ಇರಲಿ. ನಾ ಅಲ್ಲೇ ಇರತೀನಿ. ನಿಮ್ಮ ಪಾಲು ನೀವು ಮಾರ್ಕೋರಿ" ಎಂದಳು. ಸಣ್ಣವನ ಹೆಂಡತಿ ಮೊದಲು ನಕ್ಕಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಒಳಗೆ ಹೋದಳು.

ನಾನು ಪೆನ್ನನ್ನು ಚೀಲಕ್ಕೆ ಹಾಕಿದೆ. "ಅವ್ವ ಇರೂತನಕ ಮಾರೂದು ಬ್ಯಾಡ. ಪಾಲಿಕೆಯ ಖಾತೆದಾಗ ನಾಲ್ಕೂ ಹೆಸರು ಏರಸೂಣು. ಮುಂದಿಂದು ಮುಂದ. ಹುಡುಗನ ಫೀಗೆ ನಾ ಕೈಲಾದಷ್ಟು ಕೊಡತೀನಿ" ಎಂದೆ. ಸಣ್ಣ ತಮ್ಮ ಕಾಗದ ಮಡಚಿಟ್ಟ. ಬಸ್ ನಿಲ್ದಾಣದವರೆಗೆ ಬಿಡಲು ಬರಲಿಲ್ಲ.

ಆ ವರ್ಷದ ಪಂಚಮಿಗೆ ನನ್ನನ್ನು ಕರೆಯಲು ಯಾರೂ ಬರಲಿಲ್ಲ. ಲಗ್ನವಾದ ಮೇಲೆ ಅದೇ ಮೊದಲ ಸಲ. ಓದುತ್ತಿರುವ ಅಕ್ಕತಂಗಿಯರೇ, ಪಾಲು ಕೇಳಿದರೆ ತವರು ಹೋಗುತ್ತದೆ ಎಂದು ನಮ್ಮ ಹಿರಿಯರು ಹೆದರಿಸಿದ್ದು ಯಾಕೆಂದು ಆ ದಿನ ತಿಳಿಯಿತು. ಎಳ್ಳುಂಡಿ ಕಟ್ಟುತ್ತ ಕಣ್ಣೊರೆಸಿಕೊಂಡೆ. ಸಂಜೆ ಅವ್ವನ ಫೋನು.

"ಯಾಕ ಬರಲಿಲ್ಲ?"

"ಯಾರೂ ಕರೀಲಿಲ್ಲ ಅವ್ವಾ."

"ಅಡಗಿಮನಿ ನಂದೈತಿ. ನಾ ಕರದೀನಿ. ನಾಳೆ ಬಾ."

ಹೋದೆ. ಸಣ್ಣ ತಮ್ಮ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಉಡಿ ತುಂಬಿದಳು. ಊಟಕ್ಕೆ ಕೂತಾಗ ದಲಾಲಿಯ ಫೋನು ಬಂತಂತೆ, ಈಗ 75 ಕೊಡುತ್ತಾರಂತೆ ಎಂದು ಅವಳು ಮೆಲ್ಲಗೆ ಹೇಳಿದಳು.

ಅವ್ವ ರೊಟ್ಟಿ ಮುರಿಯುತ್ತ ಕೇಳಿದಳು: "ಹಂಗಾದ್ರ ನನ್ನ ಅಡಗಿಮನಿಗೆ ಎಷ್ಟಾತು?"