ಮೈಗೆ ಒಗ್ಗಿದ ಗಾಡಿಯೇ ದೂರ ಒಯ್ಯುತ್ತದೆ

ಅಫಜಲಪುರ ತಾಲ್ಲೂಕಿನ ಮಣ್ಣೂರಿನಲ್ಲಿ ಈಗ ಬೆಳಗಿನ ಏಳು ಗಂಟೆ. ಡಿಸೆಂಬರ್ ತಿಂಗಳು. ಭೀಮಾ ನದಿಯ ಕಡೆಯಿಂದ ಚಳಿಗಾಳಿ ಬೀಸುತ್ತಿದೆ. ಕಬ್ಬು ಹೇರಿದ ಟ್ರ್ಯಾಕ್ಟರೊಂದು ಎರಡು ಟ್ರೈಲರ್ ಎಳೆದುಕೊಂಡು ಊರು ದಾಟಿ ಹೋಗುತ್ತಿದೆ. ಬೇವಿನ ಮರದ ಕೆಳಗಿನ ಗ್ಯಾರೇಜಿನ ಮುಂದೆ ಹೊಸ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ನಿಂತಿದೆ. ಯಲ್ಲಮ್ಮನ ಗುಡಿಯಲ್ಲಿ ಪೂಜೆಯಾದಾಗ ಚೆಲ್ಲಿದ ಭಂಡಾರ ಟ್ಯಾಂಕಿನ ಮೇಲೆ ಇನ್ನೂ ಹಳದಿಯಾಗಿ ಉಳಿದಿದೆ. ಗಾಡಿ ಊರಿನ ಶಾಲಾ ಮಾಸ್ತರರದು. ಹೆಂಡತಿಯನ್ನು ಕೂರಿಸಿಕೊಂಡು ಮೊದಲು ಗಾಣಗಾಪುರದ ದತ್ತಾತ್ರೇಯನ ದರ್ಶನ, ಆಮೇಲೆ ಬಾದಾಮಿ, ಹಂಪಿ ಅಂತ ಅವರ ಲೆಕ್ಕ.

ಆದರೆ ಕಲಬುರಗಿಯಿಂದ ಗಾಡಿ ತರುವಷ್ಟರಲ್ಲೇ ಅವರ ಮುಂಗೈ ಜೋಮು ಹಿಡಿದಿದೆ, ಕತ್ತು ಬಿಗಿದಿದೆ.

“ಗಾಡಿ ಛಲೋ ಅದ ಮಿಸ್ತ್ರಿ, ನನ್ನ ಮೈಗೇ ಆಗವಲ್ದು ಅನಸ್ತದ.”

“ಮೈಗೆ ಆಗಂಗ ಮಾಡಬೇಕ್ರಿ ಮಾಸ್ತರ. ಹೊಸ ಗಾಡಿಗಿ ಅದs ಮೊದಲನೇ ಕೆಲಸ. ಮ್ಯಾಲ ಕುಂಡ್ರ್ರಿ.”

ಮಾಸ್ತರರು ಇಷ್ಟು ವರ್ಷ ಓಡಿಸಿದ್ದು ಸ್ಪ್ಲೆಂಡರ್. ಅದರ ಸೀಟು ನೆಲದಿಂದ 785 ಮಿ.ಮೀ., ತೂಕ 112 ಕಿಲೋ. ಇದರ ಸೀಟು 825 ಮಿ.ಮೀ., ತೂಕ 196 ಕಿಲೋ. ಕಾಲೂರಲು ಅಂಜಿಕೆಯಾಗುವುದು ಸಹಜ. ಅವರು ಕೂತು ಎರಡೂ ಕಾಲು ಚಾಚುತ್ತಾರೆ. ಪಾದದ ಮುಂಭಾಗ ನೆಲಕ್ಕೆ ತಾಕುತ್ತದೆ, ಹಿಮ್ಮಡಿ ಮೇಲೆಯೇ ಉಳಿಯುತ್ತದೆ. ಈ ಗಾಡಿಯ ಸೀಟನ್ನು 845ಕ್ಕೆ ಏರಿಸಬಹುದು. 805ಕ್ಕೆ ಇಳಿಯುವ ತಗ್ಗಿನ ಸೀಟು ಬೇರೆಯಾಗಿ ಸಿಗುತ್ತದೆ. ಮಾಸ್ತರರು ಆ ತಗ್ಗಿನದನ್ನೇ ಕೇಳುತ್ತಾರೆ. ಮಿಸ್ತ್ರಿ ಅವರ ಮೊಣಕಾಲು ತೋರಿಸುತ್ತಾನೆ. ಸೀಟು ಇಳಿದರೂ ಕಾಲಿಡುವ ಫುಟ್‌ರೆಸ್ಟ್ ಇದ್ದಲ್ಲೇ ಇರುತ್ತದೆ, ಹಾಗಾಗಿ ಮೊಣಕಾಲು ಇನ್ನಷ್ಟು ಮಡಚುತ್ತದೆ. ಊರೊಳಗೆ ಅದು ಗೊತ್ತಾಗುವುದಿಲ್ಲ, ಎರಡು ತಾಸು ಓಡಿಸಿದ ಮೇಲೆ ನೋವು ಶುರುವಾಗುತ್ತದೆ. ನಿಲ್ಲಿಸುವಾಗ ಸೀಟಿನಲ್ಲಿ ತುಸು ಎಡಕ್ಕೆ ಸರಿದು ಒಂದೇ ಕಾಲನ್ನು ಪೂರ್ತಿ ಊರಿದರೆ ಸಾಕು. ಮಾಸ್ತರರು ಹಾಗೇ ಮಾಡಿ ನೋಡುತ್ತಾರೆ. ಹಿಮ್ಮಡಿ ನೆಲ ಮುಟ್ಟುತ್ತದೆ. ಸೀಟು 825ರಲ್ಲೇ ಉಳಿಯಲಿ ಎಂದಾಗುತ್ತದೆ.

ಈಗ ಹ್ಯಾಂಡಲ್. ಮಿಸ್ತ್ರಿ ಪಾನಾ ಹಿಡಿಯುವ ಮೊದಲು ಬಿಳಿ ಬಣ್ಣದ ಪೆನ್ನಿನಿಂದ ಹ್ಯಾಂಡಲ್ ಮತ್ತು ಕ್ಲ್ಯಾಂಪ್ ಕೂಡುವಲ್ಲಿ ಒಂದು ಗೆರೆ ಎಳೆಯುತ್ತಾನೆ. ಹೊಸ ಅಳತೆ ಒಗ್ಗದಿದ್ದರೆ ಇದ್ದ ಜಾಗಕ್ಕೆ ಮರಳಲು ಆ ಗೆರೆಯೇ ಗುರುತು. “ಕಣ್ಣ ಮುಚ್ಚ್ರಿ. ಭುಜ ಸಡಲ ಬಿಡ್ರಿ. ಈಗ ಹ್ಯಾಂಡಲ್ ಹಿಡೀರಿ.” ಮಾಸ್ತರರ ಕೈ ಹೋಗಿ ಕೂರುವುದು ಹಿಡಿಕೆಗಿಂತ ತುಸು ಹಿಂದೆ. ಅಂದರೆ ಗಾಡಿ ತರುವಾಗ ಹಿಡಿಕೆ ಮುಟ್ಟಲು ಅವರು ಮುಂದಕ್ಕೆ ವಾಲುತ್ತಿದ್ದರು, ಮೈಯ ಭಾರ ಮುಂಗೈ ಮೇಲೆ ಬೀಳುತ್ತಿತ್ತು. ಜೋಮು ಹಿಡಿದದ್ದು ಅದಕ್ಕೇ. ಬೋಲ್ಟ್ ಸಡಿಲಿಸಿ ಹ್ಯಾಂಡಲನ್ನು ಕೂದಲೆಳೆಯಷ್ಟೇ ಹಿಂದಕ್ಕೆ ಹೊರಳಿಸುತ್ತಾನೆ. ಗೆರೆಯ ಎರಡು ತುಂಡುಗಳ ನಡುವೆ ಎರಡು ಮಿ.ಮೀ. ಅಂತರವೂ ಇಲ್ಲ. ಮಾಸ್ತರರ ಮೊಣಕೈ ಮಾತ್ರ ಆಗಲೇ ಸಡಿಲಾಗಿ ಬಾಗಿದೆ.

ಲಿವರ್‌ಗಳ ಸರದಿ. ಹ್ಯಾಂಡಲ್ ಹಿಡಿದು ಬೆರಳು ಚಾಚಿದರೆ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ನೇರಕ್ಕೆ ಬರಬೇಕು, ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಮುರಿಯಬಾರದು. ಕ್ಲಚ್ ಲಿವರ್ ಸುಲಭವಾಗಿ ಇಳಿಯುತ್ತದೆ. ಬ್ರೇಕ್ ಲಿವರ್ ಕಡೆ ಮಿಸ್ತ್ರಿ ನಿಧಾನಿಸುತ್ತಾನೆ. ಅದರ ಬೆನ್ನಿಗೇ ಬ್ರೇಕ್ ಎಣ್ಣೆಯ ಡಬ್ಬಿ ಇದೆ, ಅದನ್ನು ಬಹಳ ಓರೆ ಮಾಡುವಂತಿಲ್ಲ. ಎಲ್ಲ ಆದ ಮೇಲೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ಹೊರಳಿಸಿ ಕ್ಲಚ್ ಕೇಬಲ್, ಬ್ರೇಕ್ ಪೈಪು, ವೈರು ಎಲ್ಲೂ ಜಗ್ಗುತ್ತಿಲ್ಲ ಎಂದು ನೋಡುತ್ತಾನೆ. ಬೋಲ್ಟುಗಳನ್ನು ಕಂಪನಿಯ ಪುಸ್ತಕದಲ್ಲಿ ಹೇಳಿದ ಬಿಗಿತಕ್ಕೇ ಬಿಗಿಯುತ್ತಾನೆ. ಇಲ್ಲಿ ಕೈ ಅಂದಾಜು ಸಲ್ಲದು.

ಮಾಸ್ತರರು ಚಪ್ಪಲಿಯಲ್ಲಿ ಬಂದಿದ್ದಾರೆ. “ದೂರ ಹೋಗುವಾಗ ಏನ್ ಹಾಕ್ತೀರಿ, ಅದs ಹಾಕ್ಕೊಂಡು ಬರ್ರಿ.” ಮನೆಗೆ ಹೋಗಿ ಬೂಟು ಹಾಕಿಕೊಂಡು ಬರುತ್ತಾರೆ. ಚಪ್ಪಲಿಗೆ ಸರಿಯಾಗಿದ್ದ ಗೇರ್ ಲಿವರಿನ ಕೆಳಗೆ ಬೂಟಿನ ಮೂತಿ ತೂರುತ್ತಿಲ್ಲ. ಲಿವರ್ ತುಸು ಮೇಲೇರುತ್ತದೆ.

ಅಷ್ಟರಲ್ಲಿ ಮಾಸ್ತರರ ಹೆಂಡತಿ ಎರಡು ಚೀಲ ಹಿಡಿದು ಬಂದಿದ್ದಾರೆ. ಪ್ರವಾಸಕ್ಕೆ ಒಯ್ಯುವಷ್ಟೇ ಸಾಮಾನು ತನ್ನಿ ಎಂದು ಮಿಸ್ತ್ರಿಯೇ ಹೇಳಿ ಕಳಿಸಿದ್ದ. ಇನ್ನು ಈ ಬೆಳಗಿನ ದೊಡ್ಡ ಕೆಲಸ: ಹಿಂದಿನ ಶಾಕ್‌ಅಬ್ಸಾರ್ಬರ್.

ಈ ಸೀಮೆಯಲ್ಲಿ ಇದು ಯಾಕೆ ದೊಡ್ಡದು ಎಂಬುದಕ್ಕೆ ಉತ್ತರ ಕಾಲಡಿಯಲ್ಲೇ ಇದೆ. ಅಫಜಲಪುರ ತಾಲ್ಲೂಕಿನದು ಎರೆ ಭೂಮಿ. ಮಳೆಗೆ ಈ ಕಪ್ಪು ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ಅದರೊಂದಿಗೇ ಏರಿಳಿದು ಅಲೆ ಅಲೆಯಾಗುತ್ತದೆ. ಮೇಲೆ ಕಬ್ಬಿನ ಟ್ರೈಲರುಗಳ ಭಾರ ಬೇರೆ. ಇಂಥ ರಸ್ತೆಯಲ್ಲಿ ಬೆನ್ನುಮೂಳೆಯನ್ನು ಕಾಯುವುದು ಆ ಒಂದು ಸ್ಪ್ರಿಂಗು.

ಇಬ್ಬರು ಹುಡುಗರು ಗಾಡಿಯನ್ನು ಸೈಡ್ ಸ್ಟ್ಯಾಂಡಿನ ಮೇಲೆ ವಾಲಿಸಿ ಹಿಂದಿನ ಗಾಲಿಯನ್ನು ನೆಲದಿಂದ ಎತ್ತಿ ಹಿಡಿಯುತ್ತಾರೆ. ಮಿಸ್ತ್ರಿ ಗಾಲಿಯ ಆಕ್ಸಲಿನಿಂದ ನೇರ ಮೇಲಿನ ಒಂದು ಗುರುತಿನವರೆಗೆ ಟೇಪು ಹಿಡಿಯುತ್ತಾನೆ: 600 ಮಿ.ಮೀ. ಗಾಡಿ ಇಳಿಸಿ, ಮಾಸ್ತರರನ್ನು ಬೂಟು ಹೆಲ್ಮೆಟ್ ಸಮೇತ ಕೂರಿಸಿ ಮತ್ತೆ ಅಳೆಯುತ್ತಾನೆ: 546. ಅಂದರೆ ಗಾಡಿ 54 ಮಿ.ಮೀ. ಕುಸಿದಿದೆ. ಈ ಗಾಡಿಯ ಹಿಂದಿನ ಗಾಲಿ ಒಟ್ಟು 200 ಮಿ.ಮೀ. ಏರಿಳಿಯಬಲ್ಲದು. ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕುಸಿದರೆ ಸರಿ. ಒಬ್ಬರಿಗೆ ಹೊಂದಿದೆ.

“ಈಗ ನೀ ಕುಂಡ್ರು ಯವ್ವಾ. ಚೀಲಾನೂ ಇರ್ಲಿ.” ಅವರು ಸೀರೆ ಒತ್ತಿಕೊಂಡು ಒಂದೇ ಬದಿಗೆ ಕೂರುತ್ತಾರೆ. ಟೇಪು 515 ತೋರಿಸುತ್ತದೆ. ಕುಸಿತ 85. ಅರ್ಧದ ಹತ್ತಿರ ಬಂತು. ಇನ್ನು ತಗ್ಗು ಬಂದರೆ ಗಾಡಿ ತಳ ಬಡಿಯುತ್ತದೆ, ಆ ಪೆಟ್ಟು ಮೊದಲು ತಗಲುವುದು ಹಿಂದೆ ಕೂತವರ ಸೊಂಟಕ್ಕೆ. ಮಿಸ್ತ್ರಿ ಸ್ಪ್ರಿಂಗಿನ ಪ್ರೀಲೋಡ್, ಅಂದರೆ ಅದನ್ನು ಮೊದಲೇ ಒತ್ತಿಟ್ಟಿರುವ ಬಿಗಿತ, ಏರಿಸುತ್ತಾನೆ. ಪ್ರೀಲೋಡ್ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸ್ಪ್ರಿಂಗ್ ಅದೇ. ಕುಸಿದ ಗಾಡಿ ಮತ್ತೆ ತನ್ನ ಎತ್ತರಕ್ಕೆ ಏಳುತ್ತದೆ, ತಗ್ಗು ನುಂಗಲು ಜಾಗ ಸಿಗುತ್ತದೆ. ಮತ್ತೆ ಕೂರಿಸಿ ಅಳೆದರೆ ಕುಸಿತ 64. ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಎಂಬ ಎರಡೂ ಲೆಕ್ಕವನ್ನು ಮಾಸ್ತರರು ಡೈರಿಯಲ್ಲಿ ಬರೆದುಕೊಳ್ಳುತ್ತಾರೆ.

ಇಬ್ಬರೂ ಕೂತಿರುವಾಗಲೇ ಮಿಸ್ತ್ರಿ ಹೆಡ್‌ಲೈಟಿನ ಎತ್ತರ, ಕನ್ನಡಿ, ಚೈನಿನ ಸಡಿಲು ಎಲ್ಲ ನೋಡುತ್ತಾನೆ. ಹಿಂಭಾಗ ಕುಸಿದರೆ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹವಾ ಕೂಡ ಇಬ್ಬರ ಭಾರಕ್ಕೆ ಪುಸ್ತಕದಲ್ಲಿ ಹೇಳಿದಷ್ಟು ತುಂಬಿಸುತ್ತಾನೆ. ಕೊನೆಗೆ ಸೀರೆ ಗಾರ್ಡನ್ನು ಕೈಯಿಂದ ಅಲುಗಾಡಿಸಿ ಗಟ್ಟಿಯಿದೆಯೇ ಎಂದು ಪರೀಕ್ಷಿಸುತ್ತಾನೆ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಜಾಗ, ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ಗಾರ್ಡು ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಅಂದ ಕೆಡುತ್ತದೆಂದು ಅದನ್ನು ಬಿಚ್ಚಿ ಬಿಸಾಡುವ ಹುಡುಗರು ಹಿಂದೆ ಕೂರುವ ಅವ್ವ, ಅಕ್ಕಂದಿರನ್ನು ನೆನೆಯಬೇಕು.

ಗಾಡಿ ಅಫಜಲಪುರದ ದಾರಿ ಹಿಡಿಯುತ್ತದೆ. ಕೊಯ್ಲಿಗೆ ಬಂದ ತೊಗರಿ ಎರಡೂ ಬದಿಗೆ. ಡಾಂಬರಿನ ಮೊದಲ ಅಲೆ ಬರುತ್ತದೆ, ಗಾಡಿ ಒಮ್ಮೆ ಕುಸಿದು ಒಮ್ಮೆ ಎದ್ದು ಸುಮ್ಮನಾಗುತ್ತದೆ. ಅರ್ಧ ತಾಸಿಗೆ ತಿರುಗಿ ಬಂದಾಗ ಮಿಸ್ತ್ರಿ ಮೊದಲು ಕೇಳುವುದು ಹಿಂದೆ ಕೂತವರನ್ನು.

“ಸೊಂಟ ಹ್ಯಾಂಗದ ಯವ್ವಾ?”

“ಆರಾಮ ಅದ ಅಣ್ಣ. ಮೊನ್ನೆ ಬಂದಂಗ ಎತ್ತಿ ಒಗೀಲಿಲ್ಲ.”

ಮಾಸ್ತರರು ಕನ್ನಡಿಯ ಜೊತೆಗೆ ಕ್ಲಚ್ಚಿನ ಆಟವನ್ನೂ ಇನ್ನಷ್ಟು ತಿದ್ದಲು ಹೇಳುತ್ತಾರೆ. ಕನ್ನಡಿ ಸರಿಮಾಡಿದ ಮಿಸ್ತ್ರಿ ಕ್ಲಚ್ಚಿಗೆ ಒಪ್ಪುವುದಿಲ್ಲ. ಇವತ್ತಿನ ಹೊಂದಾಣಿಕೆ ಮೈಗೆ ಒಗ್ಗಿದ ಮೇಲೆ, ಸವಾರಿಯ ಹಿಡಿತ ಬದಲಿಸುವ ಮುಂದಿನ ತಿದ್ದುಪಡಿಗಳನ್ನು ಒಂದೊಂದಾಗಿ ಓಡಿಸಿ ನೋಡಬೇಕು. ಇಲ್ಲವಾದರೆ ಯಾವುದರಿಂದ ಹಿತವಾಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯುವುದಿಲ್ಲ.

ಎತ್ತಿನ ಹೆಗಲು ನೋಡದೆ ನೊಗ ಹೂಡುವ ರೈತ ಈ ಸೀಮೆಯಲ್ಲಿ ಒಬ್ಬನೂ ಇಲ್ಲ. ಲಕ್ಷಗಟ್ಟಲೆ ಕೊಟ್ಟು ತಂದ ಗಾಡಿಗೂ ಅದೇ ನ್ಯಾಯ ಸಲ್ಲಬೇಕು. ಕಾರ್ಖಾನೆ ಕಳಿಸುವುದು ಸರಾಸರಿ ಮೈಗೆ ಹೊಂದುವ ಗಾಡಿ. ನಿಮ್ಮ ಎತ್ತರ, ನಿಮ್ಮ ಹಿಂದೆ ಕೂರುವವರ ಭಾರ, ನಿಮ್ಮೂರ ರಸ್ತೆ ಅದಕ್ಕೆ ಗೊತ್ತಿಲ್ಲ. ಹೊಸ ಗಾಡಿ ತಂದವರು ಪೆಟ್ಟಿಗೆ, ದೀಪ, ಗಾರ್ಡು ಎಂದು ದುಡ್ಡು ಸುರಿಯುವ ಮೊದಲು ಒಂದು ಬೆಳಗು ಬಿಡುವು ಮಾಡಿಕೊಳ್ಳಿ. ತಿಳಿದ ಮಿಸ್ತ್ರಿಯ ಎದುರು ಸೀಟು, ಹ್ಯಾಂಡಲ್, ಲಿವರ್, ಪೆಡಲ್, ಶಾಕ್, ದೀಪ, ಕನ್ನಡಿ ಎಲ್ಲವನ್ನೂ ಇದೇ ಕ್ರಮದಲ್ಲಿ ಹೊಂದಿಸಿಕೊಳ್ಳಿ. ದೂರದ ಊರು ಆಮೇಲೆ.