ಒಂದೂವರೆಗೆ ಕಚೇರಿ, ಎರಡೂವರೆಗೆ ಮ್ಯಾಟಿನಿ

ಏಪ್ರಿಲ್, ಮೇ ಎರಡು ತಿಂಗಳು ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಕಲಬುರಗಿ ವಿಭಾಗದ ಜಿಲ್ಲೆಗಳಿಗೂ ವಿಜಯಪುರ, ಬಾಗಲಕೋಟೆಗಳಿಗೂ ಈ ವೇಳೆ. ಮೈಸೂರು ಕಡೆಯಿಂದ ವರ್ಗವಾಗಿ ಬಂದವರಿಗೆ ಇದು ಸವಲತ್ತಿನಂತೆ ಕಾಣುತ್ತಿತ್ತು. ಒಂದು ಬೇಸಿಗೆ ಇಲ್ಲಿ ಕಳೆದ ಮೇಲೆ ಯಾರೂ ಹಾಗೆ ಅನ್ನಲಿಲ್ಲ. ಬಿಸಿಲು 42, 43 ಡಿಗ್ರಿಗೆ ಏರುತ್ತದೆ. ಹಗಲೆಲ್ಲ ಕಾದ ಶಹಾಬಾದಿ ಪರಸಿ ರಾತ್ರಿಯೂ ಕಾವು ಬಿಡುತ್ತದೆ. ಈ ವೇಳೆಯ ಆದೇಶ ತಡವಾದ ವರ್ಷ ನೌಕರರ ಸಂಘದವರು ಮನವಿಪತ್ರ ಹಿಡಿದು ಓಡಾಡುತ್ತಿದ್ದರು, ಅದರಲ್ಲಿ ನ್ಯಾಯವಿತ್ತು.

ತೊಂಬತ್ತರ ದಶಕದಲ್ಲಿ ನಾನು ಗುಲಬರ್ಗಾದ ಒಂದು ಕಚೇರಿಯ ಲೆಕ್ಕಪತ್ರ ಶಾಖೆಯಲ್ಲಿದ್ದೆ. ಊರಿಗೆ ಕಲಬುರಗಿ ಎಂಬ ಹೆಸರು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ನಾನಿದ್ದಾಗ ಕಡತಗಳಲ್ಲೆಲ್ಲ ಗುಲಬರ್ಗಾ. ಮಾರ್ಚ್ ಕೊನೆಯ ವಾರ ಖಜಾನೆಗೆ ಬಿಲ್ಲು ಹಾಕುವ ಗಡಿಬಿಡಿಯಲ್ಲಿ ಊಟದ ಡಬ್ಬಿ ತೆರೆಯಲೂ ಪುರುಸೊತ್ತಿರಲಿಲ್ಲ. ಏಪ್ರಿಲ್ ಹಿಡಿದರೆ ಕೆಲಸ ಸಡಿಲ. ಹೊಸ ವರ್ಷದ ಅನುದಾನ ಇನ್ನೂ ಬಂದಿರುತ್ತಿರಲಿಲ್ಲ, ಹಳೆಯ ಲೆಕ್ಕ ತಾಳೆ ನೋಡುವುದಷ್ಟೇ ಉಳಿದಿರುತ್ತಿತ್ತು. ಕೂಲರ್ ಇದ್ದದ್ದು ಸಾಹೇಬರ ಕೋಣೆಗೆ ಮಾತ್ರ. ಬೆಳಿಗ್ಗೆ ಬಂದೊಡನೆ ಕಾಕಾ ಅದಕ್ಕೆ ಕೊಡಗಟ್ಟಲೆ ನೀರು ಹೊತ್ತು ಹಾಕಬೇಕು. ಕಾಕಾ ಎಂದರೆ ನಮ್ಮ ಹಿರಿಯ ಜವಾನ. ನಮ್ಮ ಶಾಖೆಯಲ್ಲಿ ಫ್ಯಾನಿನ ಗಾಳಿಗೆ ಓಚರುಗಳು ಹಾರದಂತೆ ಪೇಪರ್‌ವೇಟ್ ಇಟ್ಟು, ಮೂಲೆಯ ಮಣ್ಣಿನ ಹರವಿಯ ನೀರು ಕುಡಿಯುತ್ತ ಬರೆಯುತ್ತಿದ್ದೆವು. ಹನ್ನೊಂದೂವರೆ ದಾಟಿದರೆ ಯಾರಾದರೊಬ್ಬರು ಕೇಳೇ ಕೇಳುತ್ತಿದ್ದರು:

“ಪೆಟಗಿ ಬಂದದೇನ್ರಿ?”

ಸುದ್ದಿ ತರುವವನು ಕಾಕಾ. ಟಪಾಲು ಕೊಡಲು ಹೋದವನು ಟಾಕೀಸಿನ ಮುಂದೆ ಹಾಯ್ದು ಬರುತ್ತಿದ್ದ. “ಬಂದದ್ರಿ. ಪೋಸ್ಟರ್ ಹಚ್ಚಲಿಕತ್ತಾರ.”

ಸಿನಿಮಾ ರೀಲಿನ ಆ ಪೆಟ್ಟಿಗೆಗೆ ನಮ್ಮಲ್ಲಿ ಎರಡು ದಿಕ್ಕು. ಗುಲಬರ್ಗಾ, ಬೀದರ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಏಕೀಕರಣದಿಂದ ನಕ್ಷೆ ಬದಲಾಯಿತು, ಸಿನಿಮಾ ಹಂಚಿಕೆಯವರ ನಕ್ಷೆ ಬದಲಾಗಲಿಲ್ಲ. ಅವರ ಲೆಕ್ಕದಲ್ಲಿ ನಾವು ಇವತ್ತಿಗೂ ‘ನಿಜಾಮ್’ ವಲಯ. ಹಿಂದಿ ಚಿತ್ರದ ರೀಲು ಹೈದರಾಬಾದಿನಿಂದ ಬರುತ್ತಿತ್ತು. ಕನ್ನಡ ಚಿತ್ರದ್ದು ಬೆಂಗಳೂರಿನ ಗಾಂಧಿನಗರದಿಂದ, ರಾತ್ರಿಯಿಡೀ ರೈಲಿನಲ್ಲಿ. ಪ್ರಿಂಟು ಹಾಕಿಸುವುದೇ ಕೆಲವು, ಅವು ಮೊದಲು ದೊಡ್ಡ ಊರುಗಳಲ್ಲಿ ಓಡಿ ಸವೆದು ಆಮೇಲೆ ನಮ್ಮ ಪಾಲಿಗೆ. ‘ಓಂ’ 1995ರ ಮೇ ತಿಂಗಳಲ್ಲಿ ತೆರೆಕಂಡಿತು. ಉಪೇಂದ್ರ ಅದರಲ್ಲಿ ನಿಜವಾದ ರೌಡಿಗಳನ್ನೇ ಪಾತ್ರ ಮಾಡಿಸಿದ್ದಾರಂತೆ ಎಂಬ ಮಾತು ಚಿತ್ರಕ್ಕಿಂತ ಎಷ್ಟೋ ಮೊದಲು ನಮ್ಮ ಮೇಜುಗಳ ನಡುವೆ ಓಡಾಡಿತ್ತು. ಅದು ನಿಜವೂ ಆಗಿತ್ತು. ಹೊಸದೇನೂ ಬಾರದ ವಾರ ‘ಶೋಲೆ’ ಹಾಕುತ್ತಿದ್ದರು. ಅದಕ್ಕೂ ಹೋಗುತ್ತಿದ್ದೆವು. ರಾಮನಗರದ ಬಂಡೆಗಳನ್ನು ಗುಲಬರ್ಗಾದ ಜನ ಮೊದಲು ಕಂಡದ್ದು ಹೈದರಾಬಾದಿನಿಂದ ಬಂದ ಆ ಹಿಂದಿ ಚಿತ್ರದಲ್ಲಿ.

ಒಂದೂವರೆಗೆ ಬೀಗ, ಎರಡೂವರೆಗೆ ಆಟ. ನಡುವಿನ ಒಂದು ತಾಸಿನಲ್ಲಿ ಸೂಪರ್ ಮಾರ್ಕೆಟ್ ಕಡೆ ಹೋಗಿ ಸೂಸಲ, ಮಿರ್ಚಿ ಭಜಿ ತಿಂದು, ತಲೆಗೆ ಟವೆಲ್ ಸುತ್ತಿಕೊಂಡು ಟಾಕೀಸಿಗೆ. ಮನೆಗೆ ಹೋಗಿ ಮಾಡುವುದಾದರೂ ಏನು? ಮಧ್ಯಾಹ್ನ ಕರೆಂಟು ಇರುತ್ತಿರಲಿಲ್ಲ. ಟಾಕೀಸಿಗೆ ಜನರೇಟರ್ ಇತ್ತು, ಬಾಗಿಲಿಗೆ ನೀರು ಚಿಮುಕಿಸಿದ ಲಾವಂಚದ ಪರದೆ ಇತ್ತು. ಮೂರು ತಾಸು ನೆರಳು ಸಿಗುತ್ತಿತ್ತು. ಸಿನಿಮಾ ಚೆನ್ನಾಗಿದ್ದರೆ ಅದು ಮೇಲಿನ ಲಾಭ.

ಒಳಗೆ ಹೋದ ಮೇಲೆ ನಾವೆಲ್ಲ ಒಂದೇ ಆಗುತ್ತಿದ್ದೆವು ಎಂದು ಈಗಿನ ಬೀಳ್ಕೊಡುಗೆ ಸಮಾರಂಭಗಳಲ್ಲಿ ಹೇಳುವವರಿದ್ದಾರೆ. ಹಾಗಿರಲಿಲ್ಲ. ಸಾಹೇಬರು ಬಂದರೆ ಬಾಲ್ಕನಿ. ಗುಮಾಸ್ತರು ಕೆಳಗೆ, ಹಿಂದಿನ ಕುರ್ಚಿಗಳಲ್ಲಿ. ಕಾಕಾ ಮತ್ತು ಅವನ ಜೊತೆಯವರು ಪರದೆಯ ಹತ್ತಿರದ ಬೆಂಚಿನಲ್ಲಿ. ಕಚೇರಿಯ ಶ್ರೇಣಿಯೇ ಟಿಕೆಟ್ಟಿನ ಕಿಟಕಿಯಲ್ಲೂ ಸಾಲುಗಟ್ಟುತ್ತಿತ್ತು. ಆದರೆ ಒಂದು ಮಾತು ನಿಜ: ಆ ಬೆಂಚು ಇತ್ತು. ಚಹಾ, ಭಜಿಗೆ ಕೊಡುವ ದುಡ್ಡಿನಲ್ಲಿ ಕಾಕಾ ಸಿನಿಮಾ ನೋಡುತ್ತಿದ್ದ, ವಾರಕ್ಕೆರಡು ಸಲ ನೋಡುತ್ತಿದ್ದ. ಮರುದಿನ ಅವನು ಹೇಳುವ ಕತೆ ಕೇಳಲು ಬಾಲ್ಕನಿಯಲ್ಲಿ ಕೂತು ಬಂದವರೂ ನಿಲ್ಲುತ್ತಿದ್ದರು.

ನಮ್ಮ ಶಾಖೆಯವರೊಬ್ಬರ ಅಳಿಯ ಒಂದು ಟಾಕೀಸಿನಲ್ಲಿ ಆಪರೇಟರ್. ಒಮ್ಮೆ ಅವರ ಜೊತೆ ಮೇಲಿನ ಕೋಣೆಗೆ ಹೋಗಿದ್ದೆ. ಎರಡು ಪ್ರೊಜೆಕ್ಟರ್. ಒಂದೊಂದರ ಹೊಟ್ಟೆಯಲ್ಲಿ ಎರಡು ಕಾರ್ಬನ್ ಕಡ್ಡಿ ಎದುರುಬದುರು ಉರಿಯುತ್ತಿದ್ದವು. ಅವುಗಳ ನಡುವಿನ ಕಿಡಿಯೇ ಪರದೆಗೆ ಬೆಳಕು. ಕಡ್ಡಿ ಉರಿದು ಗಿಡ್ಡವಾದಂತೆ ಅಂತರ ಹೆಚ್ಚಿ ಬೆಳಕು ಕುಗ್ಗುತ್ತದೆ. ಆಗಾಗ ಕರಿಗಾಜಿನಲ್ಲಿ ನೋಡಿ ಹಿಡಿ ತಿರುಗಿಸಿ ಹತ್ತಿರ ತರಬೇಕು. ಒಂದು ಯಂತ್ರದ ಸುರುಳಿ ಮುಗಿಯುವ ಹೊತ್ತಿಗೆ ಪರದೆಯ ಬಲ ಮೇಲ್ತುದಿಯಲ್ಲಿ ಒಂದು ಚುಕ್ಕೆ ಮಿಂಚಿ ಮಾಯವಾಗುತ್ತದೆ. ಅದು ಎಚ್ಚರಿಕೆ. ಇನ್ನೊಂದು ಯಂತ್ರ ಓಡಿಸಬೇಕು, ಎರಡನೆಯ ಚುಕ್ಕೆಗೆ ಬೆಳಕು ಆ ಕಡೆಯಿಂದ ಬಿಡಬೇಕು. ಕೆಳಗೆ ನೂರಾರು ಜನ ತಂಪಿಗೆಂದು ಬಂದು ಕೂತಿದ್ದರೆ ಆ ಹುಡುಗ ಬನಿಯನ್ನಿನಲ್ಲಿ, ಕೊರಳಿಗೆ ಹಸಿ ಟವೆಲ್ ಹಾಕಿಕೊಂಡು, ಹೊರಗಿನ ಬಿಸಿಲಿಗಿಂತ ಕಾದ ಕೋಣೆಯಲ್ಲಿ ನಿಂತಿದ್ದ. ರೀಲು ತುಂಡಾದಾಗ ನಾವು ಕೂಗಿದ ಬೈಗುಳವೆಲ್ಲ ಅವನ ಕಿವಿಗೆ ಬೀಳುತ್ತಿತ್ತು. ಆಮೇಲೆ ನಾನು ಸಿಳ್ಳೆ ಹಾಕಿರಬಹುದು, ಬೈದಿಲ್ಲ.

ಆ ಮಧ್ಯಾಹ್ನಗಳಲ್ಲಿ ಪಾಲಿಲ್ಲದವರೂ ಇದ್ದರು. ಶಾಖೆಯ ಹೆಣ್ಣುಮಕ್ಕಳು ಒಂದೂವರೆಗೆ ನೇರ ಮನೆಗೆ, ಮನೆಯ ಎರಡನೆಯ ಪಾಳಿಗೆ. ಅವರನ್ನು ಕರೆಯಬೇಕೆಂದು ನಮಗೆ ಯಾರಿಗೂ ತೋಚಲಿಲ್ಲ. ಹಳ್ಳಿಯಿಂದ ಹತ್ತರ ಬಸ್ಸಿಗೆ ಹೊರಟು ಬಂದ ರೈತ ಬೀಗ ನೋಡಿ, ಜಗಲಿಯಲ್ಲಿ ಕೂತು ಸಂಜೆ ಬಸ್ಸಿಗೆ ತಿರುಗಿ ಹೋಗುತ್ತಿದ್ದ. ಬೇಸಿಗೆಯ ವೇಳೆಯನ್ನು ಪಂಚಾಯಿತಿ ಗೋಡೆಗಳ ಮೇಲೆ ಬರೆಸಿದ್ದರೆ ಅರ್ಧ ತೊಂದರೆ ತಪ್ಪುತ್ತಿತ್ತು.

ಈಗ ಓಚರು ಹಾರುವುದಿಲ್ಲ. ಬಿಲ್ಲು ಆನ್‌ಲೈನಿನ ಖಜಾನೆ-2ರಲ್ಲಿ ಹೋಗುತ್ತದೆ.  ಪೆಟ್ಟಿಗೆಗೆ ಕಾಯುವುದಿಲ್ಲ, ಬೆಂಗಳೂರಿಗೂ ಕಲಬುರಗಿಗೂ ಒಂದೇ ದಿನ ಬಿಡುಗಡೆ. ‘ಕೆಜಿಎಫ್ ಚಾಪ್ಟರ್ 2’ ಬಂದದ್ದು 2022ರ ಏಪ್ರಿಲ್ 14, ಗುರುವಾರ: ಅಂಬೇಡ್ಕರ್ ಜಯಂತಿಯ ರಜೆ, ಮರುದಿನ ಗುಡ್ ಫ್ರೈಡೆ. ನನ್ನ ಹಳೆಯ ಶಾಖೆಯ ಹೆಣ್ಣುಮಕ್ಕಳು ತಾವೇ ಮೊಬೈಲಿನಲ್ಲಿ ಸೀಟು ಹಿಡಿದು ತಾವೇ ಹೋಗಿ ಬಂದರು. ಇದು ನಮ್ಮ ಕಾಲಕ್ಕಿಂತ ಒಳ್ಳೆಯದು, ಇದರಲ್ಲಿ ನನಗೆ ಅನುಮಾನವಿಲ್ಲ. ಹಾಲ್ ತಂಪು, ಕುರ್ಚಿ ಮೆತ್ತಗೆ, ಧ್ವನಿ ಸ್ವಚ್ಛ. ಕಾರ್ಬನ್ ಕೋಣೆಯ ಸುಡುಗಾಡು ಕೆಲಸ ಯಾರಿಗೂ ಇಲ್ಲ.

ಹೋದದ್ದು ಬೆಂಚು. ಕಾಕಾನ ಜಾಗದಲ್ಲಿ ಈಗ ಹೊರಗುತ್ತಿಗೆಯ ಹುಡುಗನಿದ್ದಾನೆ. ಸಂಬಳ ಏಜೆನ್ಸಿಯಿಂದ ಬಂದ ತಿಂಗಳು ಬಂತು, ಇಲ್ಲದಿದ್ದರೆ ಇಲ್ಲ. ಸಿನಿಮಾದ ಮಾತು ಬಂದಾಗ ಅವನು ಸುಮ್ಮನಿರುತ್ತಾನೆ, ಊಟದ ಹೊತ್ತಿಗೆ ಫೋನಿನಲ್ಲಿ ತುಣುಕು ನೋಡುತ್ತಾನೆ. ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ನಿಯಮ ತಂದಿತು, ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ವಾದವೆಲ್ಲ ಮೇಲಿನ ದರದ ಬಗ್ಗೆ. ಕೆಳಗಿನ ದರ ಎಷ್ಟಿರಬೇಕೆಂದು ಕೇಳುವವರು ಕಡಿಮೆ. ಗಂಡ, ಹೆಂಡತಿ, ಎರಡು ಮಕ್ಕಳಿಗೆ 200ರಂತೆ ಹಿಡಿದರೂ 800. ಆ ಹುಡುಗನಿಗೆ ಅದು ಒಂದು ದಿನದ ದುಡಿಮೆಗಿಂತ ಹೆಚ್ಚು.

ಚಿತ್ರಮಂದಿರದವರಲ್ಲಿ ಒಂದು ಕೇಳಿಕೆ. ಏಪ್ರಿಲ್, ಮೇನಲ್ಲಿ ಸೋಮವಾರದಿಂದ ಗುರುವಾರದ ಮ್ಯಾಟಿನಿಗೆ ಮುಂದಿನ ಸಾಲುಗಳು ಹೇಗೂ ಖಾಲಿ ಇರುತ್ತವೆ. ಮೊದಲ ಎರಡು ಸಾಲಿಗೆ ಐವತ್ತು ರೂಪಾಯಿ ಇಡಿ, ಅದನ್ನು ಆನ್‌ಲೈನಿಗೆ ಬಿಡದೆ ಕಿಟಕಿಯಲ್ಲಿ ಮಾರಿ. ಒಂದೂವರೆಗೆ ಕಚೇರಿ ಬಿಡುತ್ತದೆ, ಜನ ಬರುತ್ತಾರೆ.